ಬಿನ್ನಿಯ ನೆನಪು, ಬೆನ್ನಿನ ನೋವು

ಕಳೆದ ಯುಗಾದಿ ಸಮಾರಂಭದಲ್ಲಿ ಹೋಳಿಗೆ ಊಟದ ಸಾಲಿನಲ್ಲಿ ನಿಂತಿದ್ದಾಗ ಮಿತ್ರರೊಬ್ಬರು ನನ್ನನ್ನು ಹಿಡಿದರು. "ಡಾಕ್ಟ್ರೇ, ನನ್ನ ಮಗ ಕ್ಲಬ್ಬಿನಲ್ಲಿ ಬ್ಯಾಟಿಂಗೂ ಮಾಡ್ತಾನೆ, ಫಾಸ್ಟ್ ಬೌಲಿಂಗೂ ಮಾಡ್ತಾನೆ. ಎರಡು ದೋಣಿ ಮೇಲೆ ಕಾಲಿಡಬೇಡ, ಒಂದನ್ನೇ ಹಿಡಿ ಅಂತ ನೀವಾದ್ರೂ ಹೇಳಿ."

ಹದಿನೈದರ ಹುಡುಗ ಪಕ್ಕದಲ್ಲೇ ಇದ್ದ, ಸೊಂಟಕ್ಕೆ ಕೈ ಕೊಟ್ಟುಕೊಂಡು. "ರೋಜರ್ ಬಿನ್ನಿ ಗೊತ್ತೇನಪ್ಪಾ?" ಎಂದೆ. "ಬಿಸಿಸಿಐ ಪ್ರೆಸಿಡೆಂಟ್ ಆಗಿದ್ರಲ್ಲ, ಅವರಾ ಅಂಕಲ್?" ಎಂದ. ನನಗೆ ಹೋಳಿಗೆಯ ರುಚಿಯೇ ಹೋಯಿತು!

ನಾನು ಚಿಕ್ಕಮಗಳೂರಿನವನು. 1977-78ರ ರಣಜಿ ಋತುವಿನಲ್ಲಿ ಕೇರಳದ ವಿರುದ್ಧ ನಮ್ಮೂರಿನಲ್ಲೇ ಬಿನ್ನಿ ಮತ್ತು ಸಂಜಯ್ ದೇಸಾಯಿ ಮೊದಲ ವಿಕೆಟ್ಟಿಗೆ ಔಟಾಗದೆ 451 ರನ್ ಸೇರಿಸಿದರು. ದೇಸಾಯಿ 218, ಬಿನ್ನಿ 211. ಆ ಪಂದ್ಯ ನೋಡಿದ್ದೇನೆಂದು ಹೇಳಿಕೊಳ್ಳುವವರೆಲ್ಲ ನಿಜಕ್ಕೂ ಬಂದಿದ್ದರೆ ಮೈದಾನದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮ ತಂದೆಯವರೂ ಹಾಗೆ ಹೇಳಿಕೊಳ್ಳುವವರಲ್ಲಿ ಒಬ್ಬರು.

ಹೀಗೆ ಆರಂಭಿಕ ಬ್ಯಾಟ್ಸ್‌ಮನ್ ಆಗಿ ಇನ್ನೂರು ಹೊಡೆದವರನ್ನು ಜಗತ್ತು ಬೌಲರ್ ಎಂದು ನೆನಪಿಟ್ಟುಕೊಂಡಿದೆ, ಅದೂ 1983ರ ಒಂದು ಜೂನ್ ತಿಂಗಳಿಗಾಗಿ. ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಕಪಿಲ್ ಅಲ್ಲ, ಹೋಲ್ಡಿಂಗೂ ಅಲ್ಲ. 18 ವಿಕೆಟ್ ಕಿತ್ತ ನಮ್ಮ ಬೆನ್ಸನ್ ಟೌನ್ ಕಡೆಯ ಬಿನ್ನಿ. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ಹೊಡೆದ 175 ಎಲ್ಲರಿಗೂ ಬಾಯಿಪಾಠ. ಆದರೆ 17 ರನ್ನಿಗೆ 5 ವಿಕೆಟ್ ಬಿದ್ದಾಗ ಇನ್ನೊಂದು ತುದಿಗೆ ಬಂದು, 22 ರನ್ ಮಾಡಿ, ಕಪಿಲ್‌ಗೆ ಉಸಿರಾಡಲು 60 ರನ್ನಿನ ಜೊತೆಯಾಟ ಕೊಟ್ಟವರು ಯಾರು? ಎರಡು ದಿನ ಬಿಟ್ಟು ಚೆಲ್ಮ್ಸ್‌ಫರ್ಡ್‌ನಲ್ಲಿ ಆಸ್ಟ್ರೇಲಿಯಾ 129ಕ್ಕೆ ಮುಗಿದಾಗ 29 ರನ್ನಿಗೆ 4 ವಿಕೆಟ್. ಸೆಮಿಫೈನಲಿನಲ್ಲಿ ಇಂಗ್ಲೆಂಡಿನ ಇಬ್ಬರೂ ಆರಂಭಿಕರು, ಫೈನಲಿನಲ್ಲಿ ಕ್ಲೈವ್ ಲಾಯ್ಡ್.

ವೇಗವೇನೂ ಇರಲಿಲ್ಲ. ಚೆಂಡಿನ ಹೊಲಿಗೆಯನ್ನು ನೇರವಾಗಿ ನಿಲ್ಲಿಸಿ ಬಿಟ್ಟರೆ ಉಳಿದದ್ದನ್ನು ಇಲ್ಲಿಯ ಮೋಡ, ಇಲ್ಲಿಯ ಹಸಿರು ಪಿಚ್ ನೋಡಿಕೊಳ್ಳುತ್ತಿದ್ದವು. ನಾವೆಲ್ಲ ಬಯ್ಯುವ ಈ ಇಂಗ್ಲಿಷ್ ಹವೆಯನ್ನು ಪ್ರೀತಿಸಿದ ಬೆಂಗಳೂರಿಗರೆಂದರೆ ಬಹುಶಃ ಅವರೊಬ್ಬರೇ. 1986ರಲ್ಲಿ ಲೀಡ್ಸ್‌ನ ಹೆಡಿಂಗ್ಲೆಯಲ್ಲಿ 40 ರನ್ನಿಗೆ 5 ವಿಕೆಟ್. ಇಂಗ್ಲೆಂಡ್ 102ಕ್ಕೆ ಆಲೌಟ್. ಸರಣಿ ನಮ್ಮದಾಯಿತು.

ಊರಿಗೆ ಮರಳಿದರೆ ಕಥೆಯೇ ಬೇರೆ. ನಮ್ಮ ಒಣ ಪಿಚ್ಚುಗಳಲ್ಲಿ ಆಗ ಮಧ್ಯಮವೇಗಿಯ ಕೆಲಸವೆಂದರೆ ಸ್ಪಿನ್ನರುಗಳಿಗಾಗಿ ಚೆಂಡಿನ ಹೊಳಪು ತೆಗೆದುಕೊಡುವುದು. ಎಂಟು ವರ್ಷಗಳಲ್ಲಿ ಬಿನ್ನಿ ಆಡಿದ್ದು 27 ಟೆಸ್ಟ್; 830 ರನ್, 47 ವಿಕೆಟ್. ಈ ಅಂಕಿಗಳನ್ನು ನೋಡಿ "ಎರಡರಲ್ಲೂ ಅಷ್ಟಕ್ಕಷ್ಟೇ" ಎನ್ನುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಇಂದು ಆರಂಭಿಕ, ನಾಳೆ ಎಂಟನೆಯವ, ನಾಡಿದ್ದು ತಂಡದಿಂದ ಹೊರಗೆ ಎಂದರೆ ಯಾರ ಅಂಕಿ ಚೆನ್ನಾಗಿದ್ದೀತು? (ಜನರಲ್ ಮೆಡಿಸಿನ್ ಎಂ.ಡಿ. ಮಾಡಿದವನನ್ನು "ಅದು ಸರಿ ಡಾಕ್ಟ್ರೇ, ನೀವು ಯಾವುದರಲ್ಲಿ ಸ್ಪೆಷಲಿಸ್ಟು?" ಎಂದು ಕೇಳುವುದುಂಟು. ಆದ್ದರಿಂದ ನನ್ನದು ಪಕ್ಷಪಾತವೇ ಇರಬಹುದು.)

ಅವರ ಟೆಸ್ಟ್ ಬದುಕನ್ನು ಚಿನ್ನಸ್ವಾಮಿ ಮೈದಾನವೊಂದರಲ್ಲೇ ಹೇಳಿ ಮುಗಿಸಬಹುದು. ಮೂರು ಸಲವೂ ಎದುರಿಗೆ ಪಾಕಿಸ್ತಾನ. 1979ರಲ್ಲಿ ಮೊದಲ ಟೆಸ್ಟ್, 46 ರನ್. 1983ರ ಸೆಪ್ಟೆಂಬರಿನಲ್ಲಿ ಆರು ವಿಕೆಟ್ ಬಿದ್ದ ಮೇಲೆ ಮದನ್‌ಲಾಲ್ ಜೊತೆ 155 ರನ್. ತಾನು ಔಟಾಗದೆ 83. ಇನ್ನು 1987ರ ಮಾರ್ಚ್. ಗವಾಸ್ಕರ್ ತಮ್ಮ ಕೊನೆಯ ಟೆಸ್ಟಿನಲ್ಲಿ, ಚೆಂಡು ಹಾವಿನಂತೆ ತಿರುಗುವ ಪಿಚ್ಚಿನಲ್ಲಿ 96 ಮಾಡಿ ಹೋದರು. ಕೊನೆಗೆ ಉಳಿದವರು ಬಿನ್ನಿ. ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದೆವು. ತೌಸೀಫ್ ಅಹ್ಮದ್‌ಗೆ ಸಿಕ್ಸರ್ ಎತ್ತಿದಾಗ ನಮ್ಮ ಬೀದಿಯೇ ಕೂಗಿತು. ಸ್ವಲ್ಪದರಲ್ಲೇ ಅದೇ ತೌಸೀಫ್‌ಗೆ ಕೀಪರ್ ಕೈಗೆ ಕ್ಯಾಚ್. 16 ರನ್ನಿನಿಂದ ಸೋಲು. ಬಿನ್ನಿ ಮತ್ತೆ ಟೆಸ್ಟ್ ಆಡಲಿಲ್ಲ. ಅಮ್ಮ ಬಡಿಸಿದ ಅನ್ನ ನನ್ನ ತಟ್ಟೆಯಲ್ಲೇ ಆರಿತ್ತು.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಪಾಯಸ ಬರುವವರೆಗೂ ಕೇಳಿದ. ಆದರೆ ನನ್ನ ಕಣ್ಣು ಅವನ ಕೈಯ ಮೇಲೇ ಇತ್ತು. "ಸೊಂಟ ಯಾಕೆ ಹಿಡ್ಕೊಂಡಿದೀಯ?" ಎಂದೆ. "ಬೌಲಿಂಗ್ ಮಾಡಿದ್ರೆ ನೋವು ಅಂಕಲ್. ಎಡಗಡೆ. ಒಂದು ತಿಂಗಳಾಯ್ತು." ತಂದೆಗೆ ಹೇಳಿರಲಿಲ್ಲ, ಹೇಳಿದರೆ ಬೌಲಿಂಗ್ ಬಿಡಿಸುತ್ತಾರಲ್ಲ!

ಬಲಗೈ ಬೌಲರ್, ಬೆಳೆಯುವ ವಯಸ್ಸು, ಕೆಳಬೆನ್ನಿನ ಎಡಭಾಗದಲ್ಲಿ ನೋವು, ಹಿಂದಕ್ಕೆ ಬಾಗಿದರೆ ಹೆಚ್ಚು. ತಂದೆತಾಯಂದಿರೇ, ಇದನ್ನು ಉಳುಕು ಎಂದು ಮುಲಾಮು ಹಚ್ಚಿ ಬಿಡಬೇಡಿ. ಚೆಂಡು ಬಿಡುವಾಗ ಬೆನ್ನು ಏಕಕಾಲಕ್ಕೆ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಇನ್ನೂ ಗಟ್ಟಿಯಾಗದ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಸಾಮಾನ್ಯವಾಗಿ ಬೌಲಿಂಗ್ ಮಾಡುವ ಕೈಯ ಎದುರು ಬದಿಗೆ. ಮಾಮೂಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು, ಎಂಆರ್‌ಐ ಬೇಕಾದೀತು. ಬೇಗ ಗೊತ್ತಾಗಿ ಕೆಲವು ತಿಂಗಳು ವಿಶ್ರಾಂತಿ ಕೊಟ್ಟರೆ ಬಹಳಷ್ಟು ಮಕ್ಕಳಲ್ಲಿ ಕೂಡಿಕೊಳ್ಳುತ್ತದೆ. ಇಲ್ಲಿಯ ಕ್ರಿಕೆಟ್ ಮಂಡಳಿ ಮಕ್ಕಳಿಗೆ ವಯಸ್ಸಿಗೆ ತಕ್ಕ ಓವರ್ ಮಿತಿ ಹಾಕಿರುವುದು ಇದಕ್ಕೇ. ಶನಿವಾರ ಕ್ಲಬ್ಬಿಗೆ, ಭಾನುವಾರ ಇನ್ನೊಂದು ತಂಡಕ್ಕೆ ಎಂದು ಆಡಿಸಿದರೆ ಆ ಲೆಕ್ಕ ಇಡುವವರು ಮನೆಯವರೇ.

ಸ್ಕ್ಯಾನ್ ಆಯಿತು. ಬಿರುಕು ಇತ್ತು, ಚಿಕ್ಕದು. ಈ ಬೇಸಿಗೆ ಬೌಲಿಂಗ್ ಪೂರ್ತಿ ಬಂದ್, ಮೊದಲ ಕೆಲವು ವಾರ ಬ್ಯಾಟನ್ನೂ ಮುಟ್ಟುವಂತಿಲ್ಲ. ಆಮೇಲೆ ಫಿಸಿಯೋ ಒಪ್ಪಿದರೆ ಬ್ಯಾಟಿಂಗ್ ಮಾತ್ರ. ತಂದೆಯ ಮುಖ ಸಣ್ಣದಾಯಿತು. ಹುಡುಗ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಅಂಕಲ್, ಬಿನ್ನಿ ಓಪನಿಂಗ್ ಆಡ್ತಿದ್ರು ಅಂದ್ರಲ್ಲ, ನಾನೂ ಕೇಳಲಾ ಕೋಚ್‌ನ?"