ಚಿನ್ನದ ಲೆಕ್ಕ, ಜನರ ಲೆಕ್ಕ

ಮದುವೆಯ ದಿನ ಸಮೀಪಿಸಿದಂತೆ ನಮ್ಮ ಹನುಮಂತನಗರದ ಮನೆಗಳಲ್ಲಿ ಚಿನ್ನದ ಮಾತೇ ಮಾತು. ಎಷ್ಟು ಗ್ರಾಂ, ಇಂದಿನ ದರವೇನು ಎಂದು ಎಲ್ಲರೂ ಕೇಳುತ್ತಾರೆ. ಚಿನ್ನ ತೆಗೆದವರ ಬದುಕು ಏನಾಯಿತೆಂದು ಕೇಳುವವರು ವಿರಳ. ಆ ಪ್ರಶ್ನೆಗೆ ಉತ್ತರ ನೂರು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯಲ್ಲಿದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಕೈಗೆತ್ತಿಕೊಂಡಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಆ ಗಣಿಗಳಿಗೆ. ಬೆಂಗಳೂರಿಗೆ ಅದು ತಲುಪಿದ್ದು 1905ರಲ್ಲಿ. ನಮ್ಮ ನಗರದ ಬೆಳಕಿಗೂ ಗಣಿಯ ಋಣವಿದೆ. ತಮಿಳು, ತೆಲುಗು ಸೀಮೆಗಳಿಂದ ಬಂದ ಕಾರ್ಮಿಕರು, ಬಹುಪಾಲು ದಲಿತರು, ಮೂರು ಕಿಲೋಮೀಟರಿನಷ್ಟು ಆಳಕ್ಕಿಳಿದು ದುಡಿದರು. ಶಿಲಾಸ್ಫೋಟಗಳಲ್ಲಿ ಕೆಲವರು ಮಡಿದರು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ನರಳಿದವರು ಹಲವರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ‘ನಷ್ಟದ ಗಣಿಯನ್ನು ನಡೆಸುವುದು ಹೇಗೆ?’ ಎಂಬ ವಾದವನ್ನು ನಾನು ಅಲ್ಲಗಳೆಯಲಾರೆ. ಆಳ ಹೆಚ್ಚಿತ್ತು, ಅದಿರಿನಲ್ಲಿ ಚಿನ್ನ ಕುಗ್ಗಿತ್ತು. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಕಾರ್ಮಿಕನ ಶ್ವಾಸಕೋಶಕ್ಕೆ ಒಂದು ಸಾಲಾದರೂ ಇತ್ತೇ? ಗಾಳಿ ಬೀಸಿದಾಗ ಮನೆಯೊಳಗೆ ಧೂಳು ಸುರಿಯುವ ಸೈನೈಡ್ ದಿಬ್ಬಗಳಿಗೆ ಬೆಲೆ ಕಟ್ಟಿದವರು ಯಾರು? ಲಾಭ ಬಂದಾಗ ಅದು ಒಡೆಯರದು, ನಷ್ಟ ಬಂದಾಗ ಅದು ಊರಿನದು ಎಂಬುದು ಲೆಕ್ಕವಲ್ಲ, ಅನ್ಯಾಯ. ಆ ಗಣಿಯವರ ಮಕ್ಕಳು ಇಂದು ಕತ್ತಲಿರುವಾಗಲೇ ಎದ್ದು, ರೈಲು ಹತ್ತಿ, ಇದೇ ಬೆಂಗಳೂರಿಗೆ ದುಡಿಯಲು ಬರುತ್ತಾರೆ.

2024ರಲ್ಲಿ ಅದೇ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಮಣ್ಣಿನಲ್ಲಿ ಉಳಿದ ಚಿನ್ನ ಈಗ ಎಲ್ಲರಿಗೂ ನೆನಪಾಗಿದೆ. ಆ ಮಣ್ಣಿನ ಪಕ್ಕದಲ್ಲೇ ಉಳಿದ ಜನ ನೆನಪಾಗಬೇಡವೇ? ಅವರು ಬಾಳಿದ ಲೈನ್ ಮನೆಗಳ ಹಕ್ಕು, ರೋಗಿಗಳಿಗೆ ಚಿಕಿತ್ಸೆ, ಮಕ್ಕಳಿಗೆ ಆ ಊರಿನಲ್ಲೇ ಉದ್ಯೋಗ: ಮೊದಲು ಇವು ಇತ್ಯರ್ಥವಾಗಲಿ. ಇದು ಭಿಕ್ಷೆಯಲ್ಲ, ಬಾಕಿ ಉಳಿದ ಕೂಲಿ.

ಪ್ರಿಯ ಓದುಗರೇ, ಒಡವೆ ಕೊಳ್ಳಬೇಡಿ ಎನ್ನುತ್ತಿಲ್ಲ. ತಕ್ಕಡಿಯಲ್ಲಿ ಚಿನ್ನ ತೂಗುವಾಗ, ಅದಕ್ಕಾಗಿ ಬೆವರು ಸುರಿಸಿದವರ ಪರವಾಗಿ ಒಂದು ಮಾತನ್ನೂ ತೂಗಿ ಆಡಿರಿ. ಆ ಋಣ ತೀರುವ ತನಕ ನಮ್ಮ ಕೊರಳ ಚಿನ್ನ ಹಗುರಾಗದು.