ಪಿಟಿಎ ಕೇಸಿನಲ್ಲಿ ಬೊಮ್ಮನಹಳ್ಳಿಗೆ ಕುರ್ಚಿ ಎಲ್ಲಿ?

ಬೆಳಗ್ಗೆ ಬಿಟಿಎಂ ಲೇಔಟ್‌ನಿಂದ ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆಗೆ ಇಳಿದರೆ, ಐಟಿ ಕ್ಯಾಬ್‌ಗಳ ಮಧ್ಯೆ ಟಿಫನ್ ಬ್ಯಾಗ್ ಹಿಡಿದು ಬೇಗ ಬೇಗ ನಡೆಯೋ ಹೆಣ್ಣುಮಕ್ಕಳು ಕಾಣ್ತಾರೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಿಗೆ ಹೋಗುವವರು. ಅವರ ಹೊಲಿಗೆ ಮಷೀನಿನ ಕೆಳಗೆ ಹಾದುಹೋಗೋ ಬಟ್ಟೆಯಲ್ಲಿ ದೊಡ್ಡ ಪಾಲು ಪಾಲಿಯೆಸ್ಟರ್. ಆ ಪಾಲಿಯೆಸ್ಟರ್ ಹುಟ್ಟೋದು ಪಿಟಿಎ ಅನ್ನೋ ಬಿಳಿ ಪುಡಿಯಿಂದ. ಪೂರ್ತಿ ಹೆಸರು ಪ್ಯೂರಿಫೈಡ್ ಟೆರೆಫ್ತಾಲಿಕ್ ಆ್ಯಸಿಡ್. ಒಂದು ಟನ್ ಪಾಲಿಯೆಸ್ಟರ್ ಮಾಡೋಕೆ ಸುಮಾರು 860 ಕೆಜಿ ಪಿಟಿಎ ಬೇಕು.

ಹೊರದೇಶದಿಂದ ಬರೋ ಈ ಪುಡಿಯ ಮೇಲೆ ಹೆಚ್ಚುವರಿ ಸುಂಕ ಹಾಕಬೇಕಾ, ಬೇಡವಾ? ಅದನ್ನ ತೀರ್ಮಾನಿಸೋದು ದೆಹಲಿ. ಆ ತೀರ್ಮಾನದ ಲೆಕ್ಕದಲ್ಲಿ ಈ ಹೆಣ್ಣುಮಕ್ಕಳು ಎಲ್ಲಿದ್ದಾರೆ ಅನ್ನೋದೇ ಈ ಬರಹದ ಪ್ರಶ್ನೆ.

ಅಗ್ಗ ಅಂದ ಮಾತ್ರಕ್ಕೆ ಡಂಪಿಂಗ್ ಅಲ್ಲ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಹೊರದೇಶದ ಮಾಲು ಅಗ್ಗವಾಗಿದ್ದರೆ ಅದು ಡಂಪಿಂಗ್ ಅಲ್ಲ. ಒಂದು ಕಂಪನಿ ತನ್ನ ದೇಶದಲ್ಲಿ 100 ರೂಪಾಯಿಗೆ ಮಾರೋ ಸರಕನ್ನೇ ಇಲ್ಲಿಗೆ 80 ರೂಪಾಯಿಗೆ ಕಳಿಸಿದರೆ, ಅದು ಡಂಪಿಂಗ್. ಅಷ್ಟಿದ್ದರೂ ಸಾಲದು. ಅದರಿಂದ ಇಲ್ಲಿನ ಉತ್ಪಾದಕರಿಗೆ ಹಾನಿಯಾಗಿದೆ, ಆ ಹಾನಿಗೆ ಕಾರಣ ಈ ಆಮದೇ ಅಂತ ಸಾಬೀತಾಗಬೇಕು. ವಿದೇಶಿ ಸರ್ಕಾರ ತನ್ನ ಕಂಪನಿಗಳಿಗೆ ಸಬ್ಸಿಡಿ ಕೊಟ್ಟು ರಫ್ತು ಮಾಡಿಸ್ತಿದೆ ಅನ್ನೋ ದೂರಿಗೆ ಬೇರೆ ದಾರಿ ಇದೆ. 1975ರ ಸುಂಕ ದರ ಕಾಯ್ದೆಯಲ್ಲಿ ಸಬ್ಸಿಡಿಗೆ ಸೆಕ್ಷನ್ 9, ಡಂಪಿಂಗ್‌ಗೆ ಸೆಕ್ಷನ್ 9ಎ.

ತನಿಖೆ ಮಾಡೋದು ವಾಣಿಜ್ಯ ಸಚಿವಾಲಯದ ಡಿಜಿಟಿಆರ್, ಅಂದರೆ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ. ಅದು ಶಿಫಾರಸು ಮಾಡುತ್ತೆ, ಅಷ್ಟೇ. ಸುಂಕ ಹಾಕೋದು, ಬಿಡೋದು ಹಣಕಾಸು ಸಚಿವಾಲಯದ ಕೈಯಲ್ಲಿದೆ. ಅದಕ್ಕೆ ಇರೋ ಗಡುವು ಮೂರು ತಿಂಗಳು. ಹಾಕಿದ ಸುಂಕ ಸಾಮಾನ್ಯವಾಗಿ ಐದು ವರ್ಷ ಇರುತ್ತೆ, ಆಮೇಲೆ ಮರುಪರಿಶೀಲನೆ.

ಮಂಗಳೂರು ಹೇಳೋ ಕಥೆ

ಪಿಟಿಎ ವಿಷಯದಲ್ಲಿ ಇದೆಲ್ಲ ನಡೆದಿದೆ. ಚೀನಾ, ದಕ್ಷಿಣ ಕೊರಿಯಾ, ಥಾಯ್ಲೆಂಡ್ ಸೇರಿ ಹಲವು ದೇಶಗಳ ಪಿಟಿಎ ಮೇಲೆ ಕಳೆದ ದಶಕದ ಮಧ್ಯದಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಬಿತ್ತು. ದೇಶದಲ್ಲಿ ಇದನ್ನ ತಯಾರಿಸೋರು ಬೆರಳೆಣಿಕೆಯ ದೊಡ್ಡ ಕಂಪನಿಗಳು. ಬಳಸೋರು ಸಾವಿರಾರು: ನೂಲು ತೆಗೆಯುವವರು, ನೇಯುವವರು, ಬಾಟಲಿ ಮಾಡುವವರು, ಕೊನೆಗೆ ಹೊಲಿಯುವವರು.

ಅದೇ ಹೊತ್ತಿಗೆ ನಮ್ಮ ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಜೆಬಿಎಫ್ ಪೆಟ್ರೋಕೆಮಿಕಲ್ಸ್ ವರ್ಷಕ್ಕೆ 12.5 ಲಕ್ಷ ಟನ್ ಸಾಮರ್ಥ್ಯದ ಪಿಟಿಎ ಸ್ಥಾವರ ಕಟ್ಟಿತು. ಬ್ಯಾಂಕುಗಳು ಸುಮಾರು 60 ಕೋಟಿ ಡಾಲರ್ ಸಾಲ ಕೊಟ್ಟಿದ್ದವು. ಸಾಲ ತೀರಿಸೋಕಾಗದೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. 2023ರಲ್ಲಿ ಸಾರ್ವಜನಿಕ ವಲಯದ ಗೇಲ್ ಅದನ್ನ ಕೊಂಡುಕೊಂಡಿತು. ಸ್ಥಾವರದ ಈಗಿನ ಹೆಸರು ಗೇಲ್ ಮಂಗಳೂರು ಪೆಟ್ರೋಕೆಮಿಕಲ್ಸ್.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜೆಬಿಎಫ್ ಸಾಲದಲ್ಲಿ ಮುಳುಗ್ತಿದ್ದ ವರ್ಷಗಳಲ್ಲೂ ಆ್ಯಂಟಿ ಡಂಪಿಂಗ್ ಸುಂಕ ಜಾರಿಯಲ್ಲೇ ಇತ್ತು. ಸಾಲ ಮಾಡಿ ಕಟ್ಟಿದ ಸ್ಥಾವರವನ್ನ ಸುಂಕವೊಂದೇ ಕಾಪಾಡಲ್ಲ.

ಅತ್ತ 2020ರ ಫೆಬ್ರವರಿ ಬಜೆಟ್‌ನಲ್ಲಿ, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿರೋ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪಿಟಿಎ ಮೇಲಿನ ಸುಂಕವನ್ನ ಒಂದೇ ಏಟಿಗೆ ತೆಗೆದುಹಾಕಿದರು. ಕೊಟ್ಟ ಕಾರಣ ಸಾರ್ವಜನಿಕ ಹಿತ. ಜವಳಿ ವಲಯಕ್ಕೆ ಇದು ಮುಖ್ಯ ಕಚ್ಚಾವಸ್ತು, ಆ ವಲಯ ದೊಡ್ಡ ಪ್ರಮಾಣದಲ್ಲಿ ಉದ್ಯೋಗ ಕೊಡುತ್ತೆ ಅನ್ನೋದು ವಾದ. ವಾದ ಸರಿಯೇ. ಆದರೆ ಸುಂಕ ಹಾಕೋವಾಗ ತನಿಖೆ, ವಿಚಾರಣೆ, ಪುಟಗಟ್ಟಲೆ ವರದಿ ಇತ್ತು. ತೆಗೆಯೋವಾಗ ನಮ್ಮ ಮುಂದೆ ಬಂದಿದ್ದು ಭಾಷಣದ ಕೆಲವು ಸಾಲು.

ಯಾರ ಉದ್ಯೋಗ ಲೆಕ್ಕಕ್ಕೆ ಬರುತ್ತೆ?

1995ರ ಆ್ಯಂಟಿ ಡಂಪಿಂಗ್ ನಿಯಮಗಳ ಪ್ರಕಾರ ಹಾನಿಯನ್ನ ಅಳೆಯೋವಾಗ ಲಾಭ, ಉತ್ಪಾದನೆ ಜೊತೆ ಉದ್ಯೋಗ ಮತ್ತು ಕೂಲಿಯನ್ನೂ ನೋಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಅದು ಪಿಟಿಎ ತಯಾರಿಸೋ ಕಂಪನಿಯ ಉದ್ಯೋಗ, ಅಲ್ಲಿನ ಕೂಲಿ. ಯಂತ್ರವೇ ಎಲ್ಲ ಮಾಡೋ ಸ್ಥಾವರದ ಕೆಲಸಗಾರರು ಹಾನಿಯ ಲೆಕ್ಕಕ್ಕೆ ಬರ್ತಾರೆ, ಬೊಮ್ಮನಹಳ್ಳಿಯ ಹೊಲಿಗೆ ಸಾಲಿನಲ್ಲಿ ಕೂತವರು ಬರಲ್ಲ.

ಬಳಕೆದಾರ ಕೈಗಾರಿಕೆಗಳಿಗೆ ಮಾಹಿತಿ ಕೊಡೋ ಅವಕಾಶ ಇದೆ. ಇತ್ತೀಚೆಗೆ ಡಿಜಿಟಿಆರ್ ಆರ್ಥಿಕ ಹಿತಾಸಕ್ತಿಯ ಪ್ರಶ್ನಾವಳಿಯನ್ನೂ ಕಳಿಸುತ್ತೆ. ಒಳ್ಳೇದೇ. ಆದರೆ 'ಆಸಕ್ತ ಪಕ್ಷ' ಯಾರು ಅಂತ ನಿಯಮದಲ್ಲಿರೋ ಪಟ್ಟಿ ನೋಡಿ: ಉತ್ಪಾದಕರು, ರಫ್ತುದಾರರು, ಆಮದುದಾರರು, ಅವರ ಸಂಘಗಳು, ವಿದೇಶಿ ಸರ್ಕಾರ. ಕಾರ್ಮಿಕ ಸಂಘಟನೆಯ ಹೆಸರೇ ಇಲ್ಲ. ಅಮೆರಿಕದ ಕಾನೂನಿನಲ್ಲಿ ಕಾರ್ಮಿಕ ಯೂನಿಯನ್ನೇ ಇಂಥ ದೂರು ಸಲ್ಲಿಸಬಹುದು. ಯುರೋಪಿಯನ್ ಯೂನಿಯನ್‌ನಲ್ಲಿ ಸುಂಕ ಹಾಕೋ ಮುಂಚೆ ಬಳಕೆದಾರರು, ಗ್ರಾಹಕರು ಸೇರಿ ಒಟ್ಟು ಹಿತ ಏನು ಅಂತ ನೋಡಲೇಬೇಕು.

ಹಾಗಾದರೆ ಸುಂಕವೇ ಬೇಡ ಅನ್ನೋಣವಾ? ಅವಸರ ಬೇಡ. ಬಿಟಿಎಂ ಪಕ್ಕದ ಸಿಲ್ಕ್ ಬೋರ್ಡ್ ನಮಗೆ ಟ್ರಾಫಿಕ್ ಜಾಮ್ ಜಾಗ. ಆದರೆ ಅದು ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ. ಚೀನಾದ ಕಚ್ಚಾ ರೇಷ್ಮೆ ಮೇಲೆ 2003ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಬಿದ್ದಾಗ ಅದರ ಆಸರೆ ಸಿಕ್ಕಿದ್ದು ರಾಮನಗರ, ಕೋಲಾರದ ಕಡೆಯ ರೈತರಿಗೂ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸಾಮಾನ್ಯ ಆಮದು ಸುಂಕ 30%ನಿಂದ 5%ಗೆ ಇಳಿದಾಗ ಗೂಡಿನ ಬೆಲೆ ಕುಸಿದು ರೈತರು ಬೀದಿಗೆ ಬಂದರು. 2013ರಲ್ಲಿ ಅದನ್ನ 15%ಗೆ ಏರಿಸಬೇಕಾಯ್ತು. ಅಂದರೆ ಒಂದೇ ಸಾಧನ ಒಂದು ಕಡೆ ಲಕ್ಷಾಂತರ ಕುಟುಂಬಗಳನ್ನ ಕಾಯಬಹುದು, ಇನ್ನೊಂದು ಕಡೆ ಮೂರ್ನಾಲ್ಕು ಕಂಪನಿಗಳ ಬೆಲೆಯನ್ನ ಕಾಯಬಹುದು. ಯಾವುದು ಯಾವುದು ಅಂತ ಗೊತ್ತಾಗಬೇಕಾದರೆ ಎರಡೂ ಕಡೆಯ ಲೆಕ್ಕ ಮೇಜಿನ ಮೇಲಿರಬೇಕು.

ಬೀದಿಗೆ ಬರೋ ಮುಂಚೆ ಕೇಳಿ

2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ಹಣ ತೆಗೆಯೋಕೆ ಕೇಂದ್ರ ತಂದ ಹೊಸ ನಿರ್ಬಂಧದ ವಿರುದ್ಧ ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ ತಡೆದರು. ಎರಡನೇ ದಿನಕ್ಕೆ ಕೇಂದ್ರ ನಿಯಮ ವಾಪಸ್ ತಗೊಂಡಿತು. ಪಿಎಫ್ ನೇರವಾಗಿ ಪಾಸ್‌ಬುಕ್‌ನಲ್ಲಿ ಕಾಣುತ್ತೆ, ಹಾಗಾಗಿ ಸಿಟ್ಟು ಬಂತು. ಪಿಟಿಎ ಸುಂಕ ಹಾಗೆ ಕಾಣಲ್ಲ. ನೂಲಿನ ಬೆಲೆಯಾಗಿ, ಬಟ್ಟೆಯ ಬೆಲೆಯಾಗಿ, ಆಮೇಲೆ "ಆರ್ಡರ್ ಕಮ್ಮಿ ಆಗಿದೆ" ಅನ್ನೋ ಸೂಪರ್‌ವೈಸರ್ ಮಾತಾಗಿ ಬರುತ್ತೆ.

ಈಗ ಮಂಗಳೂರಿನ ಸ್ಥಾವರ ಸರ್ಕಾರಿ ಕಂಪನಿಯದ್ದು. ನಾಳೆ ಪಿಟಿಎ ಸುಂಕ ಮತ್ತೆ ಬೇಕು ಅಂತ ಅರ್ಜಿ ಬಂದರೆ, ಅರ್ಜಿದಾರರ ಸಾಲಿನಲ್ಲಿ ಸರ್ಕಾರಿ ಕಂಪನಿ, ತನಿಖೆಗೆ ಸರ್ಕಾರ, ತೀರ್ಪಿಗೂ ಸರ್ಕಾರ ಇರಬಹುದು. ಅದಕ್ಕೇ ಮೂರು ಬದಲಾವಣೆ ಬೇಕು. ಆಸಕ್ತ ಪಕ್ಷಗಳ ಪಟ್ಟಿಗೆ ಕಾರ್ಮಿಕ ಸಂಘಟನೆಗಳು ಸೇರಲಿ. ಬಳಕೆದಾರ ವಲಯದ ಉದ್ಯೋಗದ ಮೇಲಾಗೋ ಪರಿಣಾಮಕ್ಕೆ ವರದಿಯಲ್ಲಿ ಪ್ರತ್ಯೇಕ ಅಧ್ಯಾಯ ಇರಲಿ. ಹಣಕಾಸು ಸಚಿವಾಲಯ ಸುಂಕ ಹಾಕಲಿ, ಬಿಡಲಿ, ತೆಗೆಯಲಿ, ಕಾರಣವನ್ನ ಬರೆದು ಪ್ರಕಟಿಸಲಿ.

ಕಾನೂನು ಬದಲಾಗೋ ತನಕ ಕಾಯಬೇಕಿಲ್ಲ. ಹೊಸ ತನಿಖೆ ಶುರುವಾದಾಗಲೆಲ್ಲ ಡಿಜಿಟಿಆರ್ ಅಧಿಸೂಚನೆ ಹೊರಡಿಸುತ್ತೆ, ಉತ್ತರಿಸೋಕೆ ಸಾಮಾನ್ಯವಾಗಿ 30 ದಿನ ಕೊಡುತ್ತೆ. ಅದನ್ನ ಓದಿ, ಬೊಮ್ಮನಹಳ್ಳಿಯ ಯೂನಿಯನ್‌ಗಳ ಜೊತೆ ಕೂತು, ಕನ್ನಡದಲ್ಲಿ ವಿವರಿಸಿ, ಲಿಖಿತ ಅಭಿಪ್ರಾಯ ಕಳಿಸೋ ಕೆಲಸವನ್ನ ಜಯನಗರ, ಬನಶಂಕರಿಯ ಯಾವುದೇ ಕಾಮರ್ಸ್, ಲಾ ವಿದ್ಯಾರ್ಥಿಗಳ ಗುಂಪು ಮಾಡಬಹುದು. ಒಪ್ಪೋದು ಬಿಡೋದು ಅವರಿಗೆ ಬಿಟ್ಟಿದ್ದು. ಆದರೆ ಬೊಮ್ಮನಹಳ್ಳಿ ಏನೂ ಹೇಳಲಿಲ್ಲ ಅಂತ ಫೈಲಿನಲ್ಲಿ ಬರೆಯೋಕಾಗಲ್ಲ.