ತೊಟ್ಟಿಗೆ ಮೀನು ಬಿಡೋಣವೇ?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಸಿಮೆಂಟ್ ತೊಟ್ಟಿಯಿದೆ. ದನಗಳಿಗೆ ನೀರು ಕುಡಿಸಲು ಕಟ್ಟಿಸಿದ್ದು. ಕೊಟ್ಟಿಗೆ ಖಾಲಿಯಾದ ಮೇಲೆ ಅದರಲ್ಲಿ ನೈದಿಲೆ ಬೆಳೆಸಿದೆವು. ಪುಟ್ಟ ಪಂಪು ಕೂರಿಸಿ ಕಲ್ಲಿನ ಮೇಲಿಂದ ನೀರು ಬೀಳುವ ಹಾಗೆ ಮಾಡಬೇಕು, ನಾಲ್ಕು ಗಪ್ಪಿ ಮೀನು ಬಿಡಬೇಕು ಅಂತ ಈ ವರ್ಷ ಅತ್ತಿಗೆಗೆ ಆಸೆ. ನನಗೆ ಆ ತೊಟ್ಟಿಯ ಹಳೇ ಒಕ್ಕಲಿನ ಚಿಂತೆ: ಮರಗಪ್ಪೆ.

ಬಚ್ಚಲಿನ ಹಂಡೆಯ ಹಿಂದೆ ಗೋಡೆಗೆ ಅಂಟಿಕೊಂಡು ಕೂರುವ ಕಂದು ಕಪ್ಪೆ ಮಲೆನಾಡಿನವರಿಗೆ ಹೊಸತಲ್ಲ. ಮಳೆ ಹಿಡಿದ ಮೇಲೆ ಅದು ತೊಟ್ಟಿಗೆ ಬರುತ್ತದೆ. ಹೆಣ್ಣು ತನ್ನ ಮೈಯ ಲೋಳೆಯನ್ನು ಹಿಂಗಾಲಿನಿಂದ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸಿ, ಅದರೊಳಗೆ ಮೊಟ್ಟೆಯಿಡುತ್ತದೆ. ಬೆಳಿಗ್ಗೆ ನೋಡಿದರೆ ನೀರಿನಿಂದ ಗೇಣುದ್ದ ಮೇಲೆ, ಒಳಗೋಡೆಗೆ, ಮುಷ್ಟಿಗಾತ್ರದ ಬಿಳಿ ಮುದ್ದೆ. ಮೇಲ್ಪದರ ಒಣಗಿ ಹಪ್ಪಳದಂತಾಗುತ್ತದೆ, ಒಳಗೆ ತೇವ ಉಳಿಯುತ್ತದೆ. ಕೆಲವೇ ದಿನಗಳಲ್ಲಿ ತಳ ಕರಗಿ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ಉದುರುತ್ತವೆ.

ಹಾಗಂತ ಅತ್ತಿಗೆಯ ವಾದ ಹಗುರವಾದದ್ದಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ, ಹತ್ತು ದಿನ ಸಾಕು. ಹೋದ ಮಳೆಗಾಲ ಅಣ್ಣನ ಮಗಳು ಡೆಂಗಿ ಜ್ವರದಲ್ಲಿ ಮಲಗಿದ್ದಳು. ಪ್ಲೇಟ್‌ಲೆಟ್ ಎಷ್ಟಾಯಿತು ಅಂತ ಕಾಯುತ್ತ ಕೂತ ರಾತ್ರಿಗಳನ್ನು ಅತ್ತಿಗೆ ಮರೆತಿಲ್ಲ, ನಾನೂ ಮರೆತಿಲ್ಲ. ಆಶಾ ಕಾರ್ಯಕರ್ತೆ ಟಾರ್ಚು ಹಿಡಿದು ಬಂದವರು ಮೊದಲು ಬಗ್ಗಿ ನೋಡಿದ್ದು ಇದೇ ತೊಟ್ಟಿಯನ್ನು. ಸೊಳ್ಳೆಮರಿ ತಿನ್ನುವ ಮೀನನ್ನು ಕೆರೆ ಬಾವಿಗೆ ಬಿಡುವ ಕ್ರಮ ನಮ್ಮಲ್ಲಿ ಹಳೆಯದು. ಗ್ಯಾಂಬೂಸಿಯಾ ಮೀನು ಭಾರತಕ್ಕೆ 1928ರಲ್ಲೇ ಬಂದಿದೆ.

ಕಪ್ಪೆಯಿದ್ದರೆ ಸೊಳ್ಳೆಯಿರುವುದಿಲ್ಲ ಅಂತ ನಾನೂ ಹೇಳುತ್ತಿದ್ದೆ. ಅದು ಅಷ್ಟು ಸರಳವಿಲ್ಲ. ಮರಗಪ್ಪೆ ಹಿಡಿಯುವುದು ಹೆಚ್ಚಾಗಿ ಪತಂಗ, ಜಿರಳೆ, ಮಿಡತೆಯಂಥ ದಪ್ಪ ಹುಳ. ಗೊದಮೊಟ್ಟೆ ಮೇಯುವುದು ಮುಖ್ಯವಾಗಿ ಪಾಚಿ, ಕೊಳೆತ ಎಲೆ. ಸೊಳ್ಳೆಮರಿಯ ವಿಷಯದಲ್ಲಿ ಮೀನಿಗೇ ಮೇಲುಗೈ, ಒಪ್ಪಲೇಬೇಕು.

ಆದರೆ ಸೊಳ್ಳೆಮರಿ ನುಂಗುವ ಬಾಯಿ ಆಗತಾನೇ ಉದುರಿದ ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ನೊರೆಗೂಡು ಮೊಟ್ಟೆಯನ್ನು ಮೀನಿನಿಂದ ಕಾಯುತ್ತದೆ. ನೀರಿಗೆ ಬಿದ್ದ ಮರಿಯನ್ನು ಕಾಯುವವರಿಲ್ಲ. ಗ್ಯಾಂಬೂಸಿಯಾ ಅಂತೂ ನುಂಗಲಾಗದ್ದರ ಬಾಲ ಕಚ್ಚಿ ಹರಿಯುತ್ತದೆ. ದೊಡ್ಡ ಹೊಂಡದಲ್ಲಾದರೆ ಅಡಗಲು ಹುಲ್ಲು, ಬೇರು, ಆಳವಿಲ್ಲದ ಅಂಚು ಇರುತ್ತದೆ. ಅಲ್ಲಿ ಮೀನೂ ಕಪ್ಪೆಯೂ ಹೊಂದಿಕೊಂಡು ಬದುಕಿವೆ. ನಾಲ್ಕಡಿ ತೊಟ್ಟಿಯಲ್ಲಿ ಓಡುವುದೆಲ್ಲಿಗೆ?

ಇದಕ್ಕಿಂತ ನನ್ನನ್ನು ಕಾಡುವುದು ಆಷಾಢದ ಮಳೆ. ನಮ್ಮ ಕಡೆ ಅದು ಹೊಡೆಯತೊಡಗಿದರೆ ತೊಟ್ಟಿ ಉಕ್ಕಿ ಹರಿಯುತ್ತದೆ. ಆ ನೀರು ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ಗಪ್ಪಿ ಮೊಟ್ಟೆಯಿಡದೆ ಮರಿ ಹಾಕುವ ಮೀನು. ಬಸುರಿ ಹೆಣ್ಣೊಂದು ದಾಟಿಕೊಂಡರೂ ಸಾಕು. ಆ ಹಳ್ಳದ ದಂಡೆಯ ಎಲೆಗಳಲ್ಲಿ ಕೆಂಪು ಜಾಲಪಾದದ ಹಸಿರು ಹಾರುವ ಕಪ್ಪೆಯೂ ನೊರೆಗೂಡು ಕಟ್ಟುತ್ತದೆ. ಜಗತ್ತಿನ ಅತಿ ಹಾನಿಕರ 100 ಪರಕೀಯ ಜೀವಿಗಳ ಪಟ್ಟಿಯಲ್ಲಿ ಗ್ಯಾಂಬೂಸಿಯಾದ ಹೆಸರಿದೆ. ಒಮ್ಮೆ ಹಳ್ಳಕ್ಕಿಳಿದ ಮೀನನ್ನು ವಾಪಸು ಹಿಡಿದು ತರುವುದು ಯಾರಿಂದಲೂ ಆಗದ ಕೆಲಸ.

ಬೀಳುವ ನೀರಿಗೆ ನನ್ನ ತಕರಾರಿಲ್ಲ. ಅಲುಗಾಡುವ ನೀರಿನಲ್ಲಿ ಮೊಟ್ಟೆಯಿಡಲು ಸೊಳ್ಳೆ ಹಿಂಜರಿಯುತ್ತದೆ. ಪಂಪಿನ ಬಾಯಿಗೆ ಸ್ಪಂಜು ಕಟ್ಟಿದರೆ ಗೊದಮೊಟ್ಟೆ ಒಳಗೆಳೆದುಕೊಳ್ಳುವ ಭಯವೂ ಬಹುಮಟ್ಟಿಗೆ ತಪ್ಪುತ್ತದೆ.

ಕೊನೆಗೆ ಗಪ್ಪಿಗಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತೊಟ್ಟಿಗೆ ಹೋದವು. ಅದಕ್ಕೆ ಮಾಡಿನ ಮರೆಯಿದೆ, ಮಳೆಗೆ ಉಕ್ಕುವುದಿಲ್ಲ. ನೈದಿಲೆ ತೊಟ್ಟಿಯಲ್ಲಿ ಪಂಪು ಮಾತ್ರ. ಅದರ ಮೂಲೆಗಳಲ್ಲಿ ನಿಂತ ನೀರನ್ನು ಮೂರು ದಿನಕ್ಕೊಮ್ಮೆ ಚಹಾ ಸೋಸುವ ಜಾಲರಿಯಿಂದ ಜಾಲಾಡುವುದು ನನ್ನ ಪಾಲಿನ ಕೆಲಸ.

“ಒಂದು ವಾರ ತಪ್ಪಿಸಿದೆಯೋ, ಇಲ್ಲಿಗೂ ಮೀನು ಬಿಡ್ತೀನಿ ನೋಡು,” ಅಂದಿದ್ದಾರೆ ಅತ್ತಿಗೆ. ನ್ಯಾಯವಾದ ಷರತ್ತು. ನಿನ್ನೆ ಸಂಜೆ ಜಾಲರಿಯಲ್ಲಿ ಹನ್ನೊಂದು ಸೊಳ್ಳೆಮರಿ ಸಿಕ್ಕವು. ಜೊತೆಗೆ ಬಂದಿದ್ದ ಎರಡು ಗೊದಮೊಟ್ಟೆಗಳನ್ನು ಬೆರಳ ತುದಿಯಿಂದ ನೀರಿಗೆ ಬಿಟ್ಟೆ.